ಅಂಗಳದ ಮರಕ್ಕೆ ಎಂಥ ಕೈ ಬೇಕು

ಕರ್ನಾಟಕದ ಪಟ್ಟಣಗಳಲ್ಲಿ ಮನೆಯಂಗಳದ ಮರ ಚಿಂತೆಯ ವಿಷಯವಾಗುವುದು ಸಾಮಾನ್ಯವಾಗಿ ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ, ಅಂದರೆ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳು ಬಿರುಗಾಳಿಯೊಡನೆ ಬಂದು ಹೋಗುವ ಅವಧಿಯಲ್ಲಿ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದು, 1891ರಿಂದ ಉಳಿದುಬಂದಿದ್ದ ಜೂನ್ ತಿಂಗಳ ದಾಖಲೆ ಮುರಿದಾಗ ನಗರದ ಉದ್ದಗಲಕ್ಕೂ ನೂರಾರು ಮರಗಳು ಉರುಳಿದವು. ಅಂಥ ಮಳೆಯ ಮರುದಿನ ಬಹುತೇಕ ಮನೆಗಳವರು ಹುಡುಕುವುದು ಮರ ಕಡಿಯುವವರನ್ನು. ಕೇಳುವುದು ಎಷ್ಟು ಕಡಿಮೆ ಹಣಕ್ಕೆ ಎಷ್ಟು ಹೆಚ್ಚು ಕೊಂಬೆ ಇಳಿಸಿಕೊಡುತ್ತೀರಿ ಎಂಬ ಮಾತನ್ನು. ಹೆದರಿಕೆ ಸಹಜವೇ ಆದರೂ, ಹೀಗೆ ಅವಸರದಲ್ಲಿ ಮಾಡಿಸಿದ ಕೆಲಸವೇ ಐದಾರು ವರ್ಷಗಳ ಅನಂತರ ಅದೇ ಮರವನ್ನು ಮೊದಲಿಗಿಂತ ಅಪಾಯಕಾರಿಯಾಗಿ ಮಾಡುತ್ತದೆ ಎಂಬುದು ಮರಗಳ ಒಳರಚನೆಯನ್ನು ಬಲ್ಲವರೆಲ್ಲ ಒಪ್ಪುವ ಸಂಗತಿ. ಗಾಳಿಗೆ ಬಿದ್ದ ಮರಗಳ ಬುಡವನ್ನೋ ಮುರಿದ ಕೊಂಬೆಯ ಸಂದನ್ನೋ ಪರೀಕ್ಷಿಸಿದಾಗ ಹಳೆಯ ಕಡಿತದಿಂದ ಒಳನುಗ್ಗಿದ ಕೊಳೆ, ಚರಂಡಿಗಾಗಿ ಕತ್ತರಿಸಿದ ಬೇರು, ಬುಡಕ್ಕೆ ಒತ್ತಿ ಹಾಕಿದ ಕಾಂಕ್ರೀಟು ಮತ್ತೆ ಮತ್ತೆ ಕಾಣಸಿಗುತ್ತವೆ. ಮಳೆ ಗಾಳಿಗಳು ಕೊನೆಯ ಪೆಟ್ಟು ಕೊಡುತ್ತವೆ. ಅದಕ್ಕೆ ಮುಂಚಿನ ಪೆಟ್ಟುಗಳನ್ನೆಲ್ಲ ಮನುಷ್ಯರು ಕೊಟ್ಟಿರುತ್ತಾರೆ.

ಬೆಂಗಳೂರಿನ ಮಟ್ಟಿಗೆ ಈ ಪ್ರಶ್ನೆ ಈಗ ತೀವ್ರವಾಗಿರುವುದಕ್ಕೆ ಇತಿಹಾಸದ ಕಾರಣವೂ ಇದೆ. 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನ್ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ವರ್ಷದ ಯಾವ ತಿಂಗಳಲ್ಲಾದರೂ ನಗರದ ಯಾವುದಾದರೊಂದು ಬೀದಿ ಹೂವಿನಿಂದ ತುಂಬಿರಬೇಕು ಎಂಬ ಆಲೋಚನೆಯಿಂದ ಬೇರೆ ಬೇರೆ ದೇಶಗಳ ಹೂಮರಗಳನ್ನು ತರಿಸಿ ನೆಡಿಸಿದರು. ಮುಂದೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಸುಮಾರು 15 ಲಕ್ಷ ಗಿಡಗಳು ಬಡಾವಣೆಗಳ ಬೀದಿಗಳಲ್ಲೂ ಮನೆಗಳ ಮುಂದೂ ಬೇರೂರಿದವು. ಆ ಗಿಡಗಳಿಗೆ ಈಗ ನಲವತ್ತರ ಪ್ರಾಯ. ಹೊಂಗೆ, ಬೇವು, ನೇರಳೆಗಳಿಗೆ ಇದು ತುಂಬುಹರೆಯವಾದರೆ, ಬೇಗ ಬೆಳೆದು ಬೇಗ ಮುಪ್ಪಾಗುವ ಕೆಂಪು ತುರಾಯಿ, ಪೆಲ್ಟೊಫೋರಂಗಳಿಗೆ ಇದು ಇಳಿವಯಸ್ಸು. ಆದ್ದರಿಂದ ಒಂದೇ ಬೀದಿಯ ಎರಡು ಮರಗಳಿಗೂ ಒಂದೇ ಬಗೆಯ ಆರೈಕೆ ಸಲ್ಲದು. ಆದರೆ ಎರಡಕ್ಕೂ ಇಂದು ದೊರೆಯುತ್ತಿರುವುದು ಬಹುಪಾಲು ಒಂದೇ ಮಚ್ಚಿನ ಏಟು.

ಆರೈಕೆಯ ಮೊದಲ ಪಾಠ ಗಾಯಕ್ಕೆ ಸಂಬಂಧಿಸಿದ್ದು. ಪ್ರಾಣಿಗಳ ದೇಹದಲ್ಲಿ ಗಾಯವಾದ ಜಾಗದಲ್ಲಿ ಹೊಸ ಜೀವಕೋಶಗಳು ಹುಟ್ಟಿ, ಹಾಳಾದ ಕೋಶಗಳ ಸ್ಥಾನವನ್ನು ತುಂಬುತ್ತವೆ. ಮರಕ್ಕೆ ಆ ಶಕ್ತಿಯಿಲ್ಲ. ಒಮ್ಮೆ ಕೊಳೆತ ಕಟ್ಟಿಗೆ ಮರದೊಳಗೆ ಕೊನೆಯವರೆಗೂ ಕೊಳೆತೇ ಇರುತ್ತದೆ. ಮರ ಮಾಡಬಲ್ಲದ್ದು ಇಷ್ಟೆ: ಗಾಯದ ಸುತ್ತ ರಾಸಾಯನಿಕ ತಡೆಗಳನ್ನು ಕಟ್ಟಿ, ಕೊಳೆಯನ್ನು ಅಲ್ಲಿಯೇ ಬಂಧಿಸಿ, ಹೊರಗಿನಿಂದ ಹೊಸ ಕಟ್ಟಿಗೆಯ ಪದರಗಳನ್ನು ಬೆಳೆಸಿ ಗಾಯವನ್ನು ಮುಚ್ಚಿಹಾಕುವುದು. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿ, 1977ರಲ್ಲಿ ಈ ತಡೆಗೋಡೆಗಳ ಕ್ರಮವನ್ನು ವಿವರಿಸಿದರು. ಅವರ ವಿವರಣೆಯಂತೆ ಕೊಳೆ ಮೇಲೆ ಕೆಳಗೆ ಹರಡದಂತೆ ತಡೆಯುವ ಗೋಡೆ ಎಲ್ಲಕ್ಕಿಂತ ದುರ್ಬಲ; ಗಾಯವಾದ ಮೇಲೆ ಮರ ಹೊಸದಾಗಿ ಬೆಳೆಸುವ ಹೊರಗಿನ ಗೋಡೆ ಎಲ್ಲಕ್ಕಿಂತ ಬಲಿಷ್ಠ. ಟೊಳ್ಳಾದ ಆಲವೋ ಹುಣಸೆಯೋ ಹತ್ತಾರು ವರ್ಷ ನಿಂತಿರುವುದರ ಗುಟ್ಟು ಈ ಹೊರಗಿನ ಗೋಡೆಯಲ್ಲಿದೆ. ಕಾಂಡದ ಗಟ್ಟಿ ಗೋಡೆಯ ದಪ್ಪ, ಕಾಂಡದ ತ್ರಿಜ್ಯದ ಮೂರನೆಯ ಒಂದು ಭಾಗದಷ್ಟಾದರೂ ಸುತ್ತಲೂ ಉಳಿದಿದ್ದರೆ ಟೊಳ್ಳು ಮರವೂ ಸಾಮಾನ್ಯವಾಗಿ ಗಾಳಿಗೆ ತಡೆಯುತ್ತದೆ ಎಂಬುದು ತಜ್ಞರು ಬಳಸುವ ಸ್ಥೂಲ ಅಳತೆ.

ಈ ತಡೆಗೋಡೆ ಕಟ್ಟುವ ಸಾಮರ್ಥ್ಯ ಮರದ ಎಲ್ಲೆಡೆ ಸಮನಾಗಿ ಹಂಚಿಕೊಂಡಿಲ್ಲ. ಕೊಂಬೆ ಕಾಂಡವನ್ನು ಸೇರುವ ಕಡೆ, ಅದರ ಬುಡದಲ್ಲಿ ತುಸು ಉಬ್ಬಿದ, ಸುಕ್ಕುಗಟ್ಟಿದ ಒಂದು ಬಳೆಯಾಕಾರದ ಭಾಗ ಇರುತ್ತದೆ. ಇದನ್ನು ಕೊಂಬೆಗೊರಳು ಎನ್ನಬಹುದು. ಒಣಗಿದ ಕೊಂಬೆಯನ್ನು ಮರ ತಾನಾಗಿಯೇ ಉದುರಿಸುವಾಗ ಕೊಳೆ ಕಾಂಡಕ್ಕೆ ಇಳಿಯದಂತೆ ತಡೆಯುವ ಜೀವಕೋಶಗಳು ಈ ಕೊರಳಿನಲ್ಲಿವೆ. ಆದ್ದರಿಂದ ಕೊಂಬೆ ತೆಗೆಯಬೇಕಾದಾಗ ಗರಗಸ ಈ ಕೊರಳಿನ ಹೊರ ಅಂಚಿನಲ್ಲಿ ಓಡಬೇಕು. ಕಾಂಡಕ್ಕೆ ಸಪಾಟಾಗಿ, ನೋಡಲು ಚೆನ್ನಾಗಿರಲಿ ಎಂದು ಒತ್ತಿ ಕೊಯ್ದರೆ ಕೊರಳೇ ಹೋಗಿ, ಕಾಂಡದ ಕಟ್ಟಿಗೆಯೇ ಬಯಲಾಗಿ, ಕೊಳೆಗೆ ನೇರ ಬಾಗಿಲು ತೆರೆಯುತ್ತದೆ. ಇತ್ತ ಒಂದಡಿ ಮೋಟು ಉಳಿಸಿ ಕಡಿದರೆ ಆ ಮೋಟು ಒಣಗಿ, ಹೊಸ ಪದರ ಅದನ್ನು ಮುಚ್ಚಲಾರದೆ, ಅಣಬೆಗಳಿಗೆ ಒಳದಾರಿಯಾಗುತ್ತದೆ. ಎರಡು ತಪ್ಪುಗಳಲ್ಲಿ ಎರಡನೆಯದು ಕರ್ನಾಟಕದ ಬೀದಿಗಳಲ್ಲಿ ಹೆಚ್ಚು, ಏಕೆಂದರೆ ಮಚ್ಚಿನಿಂದ ಕಡಿಯುವವರಿಗೆ ಕೊರಳಿನ ಹತ್ತಿರ ಏಟು ಹಾಕಲು ಕೈ ಬೀಸುವ ಜಾಗವಿರುವುದಿಲ್ಲ.

ದಪ್ಪ ಕೊಂಬೆಯನ್ನು ಒಂದೇ ಕೊಯ್ತದಲ್ಲಿ ಇಳಿಸಲು ಹೋದರೆ ಅರ್ಧ ಕೊಯ್ಯುವಷ್ಟರಲ್ಲಿ ಅದು ತನ್ನ ಭಾರಕ್ಕೆ ಜಗ್ಗಿ, ಕೆಳಗಿನ ತೊಗಟೆಯನ್ನು ಕಾಂಡದುದ್ದಕ್ಕೂ ಸುಲಿದುಕೊಂಡು ಬೀಳುತ್ತದೆ. ಇದನ್ನು ತಪ್ಪಿಸಲು ಮೂರು ಕೊಯ್ತಗಳ ಕ್ರಮವಿದೆ: ಕಾಂಡದಿಂದ ಸುಮಾರು ಒಂದಡಿ ಆಚೆ ಕೊಂಬೆಯ ಕೆಳಗಿನಿಂದ ಮೂರನೆಯ ಒಂದು ಭಾಗದಷ್ಟು ಕೊಯ್ಯುವುದು, ಅದಕ್ಕಿಂತ ನಾಲ್ಕು ಬೆರಳು ಹೊರಗೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸಿಬಿಡುವುದು, ಉಳಿದ ಹಗುರ ಮೋಟನ್ನು ಕೊರಳಿನ ಅಂಚಿನಲ್ಲಿ ನಿಧಾನವಾಗಿ ತೆಗೆಯುವುದು. ಮರದ ಕೆಲಸಕ್ಕೆ ಬಂದವರ ತಿಳಿವಳಿಕೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಬೇಕಿಲ್ಲ. ದಪ್ಪ ಕೊಂಬೆಯನ್ನು ಹೇಗೆ ಇಳಿಸುತ್ತೀರಿ ಎಂದು ಕೇಳಿದಾಗ ಈ ಕ್ರಮವನ್ನು ತನ್ನದೇ ಮಾತಿನಲ್ಲಿ ವಿವರಿಸಬಲ್ಲ ಕೆಲಸಗಾರನಿಗೆ, ಕಾಗದದ ಅರ್ಹತೆ ಏನೂ ಇಲ್ಲದಿದ್ದರೂ, ಮರವನ್ನು ಒಪ್ಪಿಸಬಹುದು.

ಕೊಯ್ತದ ಮೇಲೆ ಟಾರು, ಬಣ್ಣ, ಸೆಗಣಿ ಬಳಿಯುವ ರೂಢಿ ಇನ್ನೂ ಬಳಕೆಯಲ್ಲಿದೆ. ಇಂಥ ಲೇಪಗಳು ಕೊಳೆಯನ್ನು ತಡೆಯುವುದಿಲ್ಲ ಎಂದು ಶೈಗೊ ಮೊದಲಾದವರ ಅಧ್ಯಯನಗಳು ತೋರಿಸಿವೆ. ತೇವವನ್ನು ಒಳಗೇ ಹಿಡಿದಿಟ್ಟು ಕೆಲವೊಮ್ಮೆ ಕೊಳೆಗೆ ನೆರವಾಗುವುದೂ ಉಂಟು. ಮಾವು, ನಿಂಬೆಜಾತಿಯ ಗಿಡಗಳಿಗೆ ತೋಟಗಾರಿಕೆ ಇಲಾಖೆ ಹೇಳುವ ಬೋರ್ಡೊ ಮುಲಾಮು, ಅಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ, ಬೇರೆ ಬಗೆಯದು: ಅದು ಗೊತ್ತಾದ ಕೆಲವು ಶಿಲೀಂಧ್ರ ರೋಗಗಳಿಗೆ ಔಷಧ. ಟೊಳ್ಳಿನೊಳಗೆ ಸಿಮೆಂಟ್ ತುಂಬುವ ಪದ್ಧತಿಯನ್ನಂತೂ ಬಿಟ್ಟೇಬಿಡಬೇಕು, ಏಕೆಂದರೆ ಗಾಳಿಗೆ ಬಾಗುವ ಮರದೊಳಗೆ ಬಾಗದ ಸಿಮೆಂಟಿನ ಗಟ್ಟಿ ಉಜ್ಜಿ ಉಜ್ಜಿ, ಮರ ಕಷ್ಟಪಟ್ಟು ಕಟ್ಟಿಕೊಂಡ ತಡೆಗೋಡೆಯನ್ನೇ ಒಡೆಯುತ್ತದೆ.

ಮೇಲಿನ ಎಲ್ಲ ತಪ್ಪುಗಳಿಗಿಂತ ದೊಡ್ಡದು ಮರದ ತಲೆ ಹಾರಿಸುವುದು. ಎತ್ತರದ ಭಯಕ್ಕೆ, ಇಲ್ಲವೇ ಸೋಲಾರ್ ಫಲಕಕ್ಕೆ ನೆರಳು ಬೀಳುತ್ತದೆಂಬ ಕಾರಣಕ್ಕೆ, ನಡುಕಾಂಡವನ್ನೂ ಮುಖ್ಯ ಕೊಂಬೆಗಳನ್ನೂ ಒಂದೇ ಎತ್ತರಕ್ಕೆ ಬೋಳಿಸಿ ಬಿಡುವ ಈ ಕೆಲಸ ಮೊದಲ ನೋಟಕ್ಕೆ ಸುರಕ್ಷಿತವಾಗಿ ಕಾಣುತ್ತದೆ. ಆದರೆ ಎಲೆಗಳೆಲ್ಲ ಒಮ್ಮೆಗೇ ಹೋದಾಗ ಮರಕ್ಕೆ ಆಹಾರ ತಯಾರಿಸುವ ಅಂಗವೇ ಇಲ್ಲದಂತಾಗಿ, ಅದು ಬೇರು ಕಾಂಡಗಳಲ್ಲಿ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ, ಕಡಿದ ಅಂಚಿನ ತೊಗಟೆಯಡಿಯ ಸುಪ್ತ ಮೊಗ್ಗುಗಳಿಂದ ಒಂದೇ ಸಲಕ್ಕೆ ಹತ್ತಾರು ಚಿಗುರುಗಳನ್ನು ಹೊರಡಿಸುತ್ತದೆ. ಈ ಚಿಗುರುಗಳು ಎರಡು ಮೂರು ವರ್ಷಗಳಲ್ಲಿ ಹಳೆಯ ಎತ್ತರವನ್ನು ಮುಟ್ಟುತ್ತವೆ. ಸಹಜವಾಗಿ ಬೆಳೆದ ಕೊಂಬೆಯ ನಾರು ಕಾಂಡದ ನಾರಿನೊಳಗೆ ವರ್ಷ ವರ್ಷವೂ ಹೆಣೆದುಕೊಂಡಿರುತ್ತದೆ. ಹೊಸ ಚಿಗುರಾದರೋ ಹೊರಗಿನ ತೆಳುಪದರಕ್ಕೆ ಮಾತ್ರ ಅಂಟಿಕೊಂಡಿರುತ್ತದೆ, ಮತ್ತು ಅದರ ಕೆಳಗೆ ಕೊಯ್ತದಿಂದ ಇಳಿದ ಕೊಳೆ ಬೆಳೆಯುತ್ತಿರುತ್ತದೆ. ತೋಳಿನ ದಪ್ಪಕ್ಕೆ ಬೆಳೆದ ಇಂಥ ಚಿಗುರು ಭರಣಿ ಮಳೆಯ ಗಾಳಿಗೆ ಕಿತ್ತು ಕಾರಿನ ಮೇಲೆ ಬಿದ್ದಾಗ ದೂರು ಹೊತ್ತುಕೊಳ್ಳುವುದು ಮರ. ಎತ್ತರ ತಗ್ಗಿಸಲೇಬೇಕಾದ ಸಂದರ್ಭದಲ್ಲಿ ಸರಿಯಾದ ದಾರಿಯೆಂದರೆ ಉದ್ದ ಕೊಂಬೆಯನ್ನು ಅದರ ಮೂರನೆಯ ಒಂದು ಭಾಗದಷ್ಟಾದರೂ ದಪ್ಪವಿರುವ ಪಕ್ಕದ ಕವಲಿನವರೆಗೆ ಮಾತ್ರ ಹಿಂದಕ್ಕೆ ತರುವುದು. ಒಂದು ವರ್ಷದಲ್ಲಿ ಹಸಿರಿನ ಕಾಲುಭಾಗಕ್ಕಿಂತ ಹೆಚ್ಚು ತೆಗೆಯದಿರುವುದು, ಮುದಿಮರವಾದರೆ ಇನ್ನೂ ಕಡಿಮೆ ತೆಗೆಯುವುದು.

ವಿದ್ಯುತ್ ತಂತಿಗಾಗಿ ಒಂದೇ ಮಗ್ಗುಲನ್ನು ಸವರುವುದರ ಪರಿಣಾಮವೂ ಇದೇ ಜಾತಿಯದು. ರಸ್ತೆಯ ಕಡೆಯ ಕೊಂಬೆಗಳೆಲ್ಲ ಹೋಗಿ ಮನೆಯ ಕಡೆಯವು ಮಾತ್ರ ಉಳಿದಾಗ ಮರದ ಭಾರ ಮನೆಯತ್ತ ವಾಲುತ್ತದೆ. ಒಳಗಿನ ಕಿರುಕೊಂಬೆಗಳನ್ನೆಲ್ಲ ತೆಗೆದು ತುದಿಯಲ್ಲಿ ಮಾತ್ರ ಸೊಪ್ಪು ಬಿಡುವುದೂ ಹಾಗೆಯೇ, ಏಕೆಂದರೆ ಆಗ ಗಾಳಿಯ ಒತ್ತಡ ಕೊಂಬೆಯ ತುದಿಯಲ್ಲಿಯೇ ಬಿದ್ದು ಅದು ಬೇಗ ಮುರಿಯುತ್ತದೆ.

ಕಣ್ಣಿಗೆ ಕಾಣುವ ಕೊಂಬೆಯ ಕತೆ ಇಷ್ಟಾದರೆ, ಕಾಣದ ಬೇರಿನದು ಇನ್ನೂ ಗಂಭೀರ. ಬೇರು ಮರದಷ್ಟೇ ಆಳಕ್ಕೆ ಇಳಿದಿರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ, ಹೆಚ್ಚಿನ ಮರಗಳ ಬಹುಪಾಲು ಬೇರು ಮೇಲಿನ ಎರಡಡಿ ಮಣ್ಣಿನಲ್ಲಿಯೇ ಇದ್ದು, ನೆತ್ತಿಯ ನೆರಳನ್ನು ದಾಟಿ ಅದರ ಎರಡು ಮೂರು ಪಟ್ಟು ದೂರ ಹರಡಿರುತ್ತದೆ, ಕಾರಣ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು, ಗಾಳಿ ಇರುವುದು ಮೇಲ್ಮಣ್ಣಿನಲ್ಲಿ. ಕಟ್ಟಡ ಕಾಮಗಾರಿಯ ಸಂದರ್ಭದಲ್ಲಿ ಎಷ್ಟು ಜಾಗ ಮುಟ್ಟದೆ ಬಿಡಬೇಕು ಎಂಬುದಕ್ಕೆ ಬ್ರಿಟನ್ನಿನ ಮಾನದಂಡ ಹೇಳುವ ಸರಳ ಲೆಕ್ಕವಿದೆ: ಎದೆಮಟ್ಟದಲ್ಲಿ ಕಾಂಡದ ವ್ಯಾಸ ಎಷ್ಟೋ ಅದರ ಹನ್ನೆರಡು ಪಟ್ಟು ದೂರದವರೆಗಿನ ವೃತ್ತ. 40 ಸೆಂಟಿಮೀಟರ್ ವ್ಯಾಸದ ಮರಕ್ಕೆ ಇದು 4.8 ಮೀಟರ್ ಆಗುತ್ತದೆ. ಮೂವತ್ತು ನಲವತ್ತರ ನಿವೇಶನದಲ್ಲಿ ಅಷ್ಟು ಜಾಗ ಬಿಡುವುದು ಆಗದ ಮಾತು ಎಂಬುದು ನಿಜ. ಆದರೆ ಲೆಕ್ಕ ಗೊತ್ತಿದ್ದರೆ, ಕಾಂಪೌಂಡಿನ ಪಾಯವನ್ನು ಮರದ ಬುಡದಲ್ಲಿ ಉದ್ದಕ್ಕೂ ಅಗೆಯುವ ಬದಲು ಅಲ್ಲಲ್ಲಿ ಕಂಬ ನಿಲ್ಲಿಸಿ ಮೇಲೆ ತೊಲೆ ಹಾಯಿಸುವ, ನೀರಿನ ಕೊಳವೆಯನ್ನು ಬೇರಿನ ಅಡಿಯಿಂದ ತೂರಿಸುವ ಉಪಾಯಗಳು ಹೊಳೆಯುತ್ತವೆ. ಬುಡದ ಒಂದು ಮಗ್ಗುಲಲ್ಲಿ ದಪ್ಪ ಬೇರುಗಳನ್ನೆಲ್ಲ ಜೆಸಿಬಿ ಕಿತ್ತುಹಾಕಿದ ಮರ ವರ್ಷಗಟ್ಟಲೆ ಹಸಿರಾಗಿಯೇ ನಿಂತಿದ್ದು, ಮಣ್ಣು ನೆನೆದ ಒಂದು ದಿನ ಬೇರುಸಹಿತ ಮಗುಚಿ ಬೀಳುತ್ತದೆ.

ಬುಡಕ್ಕೆ ಒತ್ತಿಕೊಂಡಂತೆ ಕಾಂಕ್ರೀಟ್ ಹಾಕುವುದರ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಆದೇಶ ನೀಡಿ, ಮರದ ಸುತ್ತ ಒಂದು ಮೀಟರ್ ವ್ಯಾಪ್ತಿಯ ಕಾಂಕ್ರೀಟನ್ನು ತೆಗೆಸಬೇಕೆಂದಿತು. ಅಂಗಳಕ್ಕೆಲ್ಲ ಟೈಲ್ಸ್ ಹಾಸುವ ಮನೆಯವರು ಈ ಕನಿಷ್ಠ ಅಳತೆಯನ್ನು ಸ್ವಂತ ಇಚ್ಛೆಯಿಂದಲೇ ಪಾಲಿಸಬಹುದು. ಬಿಟ್ಟ ಜಾಗದಲ್ಲಿ ಉದುರಿದ ತರಗೆಲೆಯನ್ನು ಸುಡದೆ ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಕಾಂಡಕ್ಕೆ ಮಾತ್ರ ತಾಗದಂತೆ ಒಂದು ಗೇಣು ದೂರ ಸರಿಸಿಟ್ಟರೆ ಬೇಸಿಗೆಯ ತೇವ ಉಳಿಯುತ್ತದೆ, ಮಣ್ಣು ಸಡಿಲವಾಗುತ್ತದೆ. ಬೇರು ಪಾಯವನ್ನು ಒಡೆಯುತ್ತದೆ ಎಂಬ ಭಯ ಎಲ್ಲ ಕಡೆಗೂ ಒಂದೇ ಪ್ರಮಾಣದಲ್ಲಿ ಸಲ್ಲದು. ಬೆಂಗಳೂರು, ಮೈಸೂರು ಸೀಮೆಯ ಕೆಂಪು ಮಣ್ಣಿನಲ್ಲಿ ಬೇರು ಸಾಮಾನ್ಯವಾಗಿ ಗಟ್ಟಿ ಪಾಯವನ್ನು ಸೀಳುವುದಿಲ್ಲ, ಸೋರುವ ಚರಂಡಿ ಕೊಳವೆಯನ್ನು ಹುಡುಕಿ ಹೋಗುತ್ತದೆ; ವಿಜಯಪುರ, ಕಲಬುರಗಿ, ಹುಬ್ಬಳ್ಳಿಗಳ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವಂಥದ್ದಾದ್ದರಿಂದ, ಅಲ್ಲಿ ದೊಡ್ಡ ಮರ ನೀರು ಹೀರಿದಾಗ ಕುಗ್ಗುವಿಕೆ ಹೆಚ್ಚಿ ಗೋಡೆ ಬಿರುಕು ಬಿಡುವ ಸಾಧ್ಯತೆ ನಿಜವಾಗಿಯೂ ಇದೆ.

ಯಾವ ಮರ ಅಪಾಯದಲ್ಲಿದೆ ಎಂದು ತಿಳಿಯಲು ಮನೆಯವರೇ ವರ್ಷಕ್ಕೆರಡು ಬಾರಿ, ಮಳೆಗಾಲದ ಮುಂಚೆ ಮತ್ತು ಅನಂತರ, ಮರವನ್ನು ಬುಡದಿಂದ ನೆತ್ತಿಯವರೆಗೆ ಸುತ್ತಿ ನೋಡಬೇಕು. ಹುಟ್ಟಿನಿಂದ ವಾಲಿ ಬೆಳೆದ ಮರ ಆ ಭಾರಕ್ಕೆ ತಕ್ಕಂತೆ ಬೇರನ್ನು ಗಟ್ಟಿ ಮಾಡಿಕೊಂಡಿರುತ್ತದೆ. ಹೊಸದಾಗಿ ವಾಲಿದ, ವಾಲಿದ್ದಕ್ಕೆ ಎದುರು ಮಗ್ಗುಲಲ್ಲಿ ಮಣ್ಣು ಎದ್ದು ಬಿರುಕು ಬಿಟ್ಟ ಮರದ ಅಡಿಯಿಂದ ಜನರನ್ನೂ ವಾಹನಗಳನ್ನೂ ಅಂದೇ ಸರಿಸಬೇಕು. ಬುಡದಲ್ಲಿ ಚಿಪ್ಪಿನಂಥ ಗಟ್ಟಿ ಅಣಬೆ ಎದ್ದಿದ್ದರೆ ಬೇರು ಒಳಗಿನಿಂದ ಕೊಳೆಯುತ್ತಿರುವ ಸೂಚನೆ ಅದು. ತೆಂಗು, ಅಡಿಕೆ ಬೆಳೆಗಾರರು ಅಣಬೆ ರೋಗ ಎಂದು ಕರೆಯುವ ಗ್ಯಾನೊಡರ್ಮಾ ಶಿಲೀಂಧ್ರ ಹೊಂಗೆ, ಕೆಂಪು ತುರಾಯಿಗಳ ಬುಡಕ್ಕೂ ಬರುತ್ತದೆ. ಎರಡು ಸಮದಪ್ಪದ ಕಾಂಡಗಳು ಇಕ್ಕಟ್ಟಾದ ಕೋನದಲ್ಲಿ ಕೂಡಿ, ನಡುವೆ ತೊಗಟೆ ಒಳಕ್ಕೆ ಮಡಿಚಿಕೊಂಡಿದ್ದರೆ ಆ ಕವಲು ಸೀಳಬಲ್ಲದು. ಗೆದ್ದಲನ್ನು ಕಂಡು ಗಾಬರಿಪಡುವ ಅಗತ್ಯ ಕಡಿಮೆ, ಏಕೆಂದರೆ ಅದು ಹೆಚ್ಚಾಗಿ ತಿನ್ನುವುದು ಸತ್ತ ತೊಗಟೆ, ಸತ್ತ ಕಟ್ಟಿಗೆಯನ್ನು. ಹಾಗೆಯೇ ಚಳಿಗಾಲದ ಕೊನೆಗೆ ಎಲೆ ಉದುರಿಸಿ ಬೋಳಾಗಿ ನಿಲ್ಲುವುದು ಎಷ್ಟೋ ಮರಗಳ ಸಹಜ ಗುಣವಾದ್ದರಿಂದ, ಅದನ್ನು ಸಾವಿನ ಲಕ್ಷಣವೆಂದು ತಿಳಿದು ಕೊಡಲಿ ತರಿಸಬಾರದು. ಮಾವು, ಹೊಂಗೆಗಳ ಮೇಲೆ ಬೇರೆಯೇ ಬಣ್ಣದ ಎಲೆಯ ಗುಂಪು ಕಂಡರೆ ಅದು ಬಂದಳಿಕೆ. ಮೇಲಿನ ಸೊಪ್ಪನ್ನು ಮಾತ್ರ ಕಿತ್ತರೆ ಮತ್ತೆ ಚಿಗುರುವ ಈ ಪರಾವಲಂಬಿಯನ್ನು, ಅದು ಬೇರಿಳಿಸಿದ ಕೊಂಬೆಯ ಭಾಗದೊಂದಿಗೇ ತೆಗೆಸಬೇಕಾಗುತ್ತದೆ.

ಇನ್ನು ಕೆಲಸಕ್ಕೆ ಯಾರನ್ನು ಕರೆಯಬೇಕು ಎಂಬ ಪ್ರಶ್ನೆ. ಮರದ ಆರೈಕೆಯನ್ನು ಶಾಸ್ತ್ರವಾಗಿ ಕಲಿತು, ಪರೀಕ್ಷೆ ಬರೆದು, ಅದನ್ನೇ ವೃತ್ತಿಯಾಗಿಸಿಕೊಂಡವರನ್ನು ಪಶ್ಚಿಮದ ದೇಶಗಳಲ್ಲಿ ಆರ್ಬರಿಸ್ಟ್ ಎನ್ನುತ್ತಾರೆ. ಅವರಿಗೆ ಪ್ರಮಾಣಪತ್ರ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ 1924ರಿಂದ ಅಮೆರಿಕದಲ್ಲಿದೆ. ಭಾರತದಲ್ಲಿ ಅಂಥ ಪ್ರಮಾಣಪತ್ರ ಪಡೆದವರು ತೀರ ವಿರಳ. ಇಲ್ಲಿ ಮನೆಬಾಗಿಲಿಗೆ ಬರುವವರು ಹಗ್ಗ, ಮಚ್ಚು, ಗರಗಸ, ಹೆಚ್ಚೆಂದರೆ ಪೆಟ್ರೋಲ್ ಗರಗಸ ಹಿಡಿದು ಊರೂರು ಅಲೆಯುವ ದಿನಗೂಲಿಯವರು, ಇಲ್ಲವೇ ಅವರನ್ನು ಕರೆತರುವ ಗುತ್ತಿಗೆದಾರರು. ಇವರಲ್ಲಿ ಅನೇಕರ ಮರ ಹತ್ತುವ ಕುಶಲತೆ ಅಸಾಧಾರಣವಾದದ್ದು. ಮಲೆನಾಡಿನ ಕಾಫಿ ತೋಟಗಳಲ್ಲಿ ಮರಗಸಿ ಮಾಡಿ, ಅಂದರೆ ಕಾಫಿ ಗಿಡಕ್ಕೆ ಬೇಕಾದಷ್ಟೇ ಬಿಸಿಲು ಬೀಳುವಂತೆ ನೆರಳಿನ ಮರಗಳ ಕೊಂಬೆ ಸವರಿ, ಪಳಗಿದವರಿಗೆ ಯಾವ ಕೊಂಬೆ ಉಳಿಯಬೇಕು, ಯಾವುದು ಹೋಗಬೇಕು ಎಂಬ ಅಂದಾಜು ಕಣ್ಣಿನಲ್ಲಿಯೇ ಇರುತ್ತದೆ. ಕೊರತೆಯಿರುವುದು ಅವರ ಕೈಯಲ್ಲಿ ಎನ್ನುವುದಕ್ಕಿಂತ, ಅವರಿಗೆ ಕೆಲಸ ಒಪ್ಪಿಸುವ ರೀತಿಯಲ್ಲಿ.

ಆ ರೀತಿಯಲ್ಲಿ ಅತ್ಯಂತ ಕೆಟ್ಟದ್ದು ಕೂಲಿಯ ಬದಲು ಸೌದೆ ಕೊಡುವ ಒಪ್ಪಂದ. ಕಾಸು ಬೇಡ, ಕಟ್ಟಿಗೆ ಒಯ್ಯುತ್ತೇವೆ ಎಂಬ ಮಾತು ಮನೆಯವರಿಗೆ ಲಾಭದಂತೆ ಕಂಡರೂ, ಆ ಕ್ಷಣದಿಂದ ಕೆಲಸಗಾರನ ಗಳಿಕೆ ಮರದಿಂದ ಎಷ್ಟು ದಪ್ಪದ ದಿಮ್ಮಿ ಇಳಿಯುತ್ತದೆ ಎಂಬುದನ್ನು ಅವಲಂಬಿಸುತ್ತದೆ. ಒಣಗಿದ ಸಣ್ಣ ಕೊಂಬೆಗಳನ್ನು ತೆಗೆದು, ಉಜ್ಜಾಡುವ ಎರಡರಲ್ಲಿ ಒಂದನ್ನು ಬಿಡಿಸಿ, ಒಳ್ಳೆಯ ಕೊಂಬೆಗಳನ್ನೆಲ್ಲ ಉಳಿಸುವುದು ಮರಕ್ಕೆ ಬೇಕಾದ ಕೆಲಸ. ಅದರಿಂದ ಹೊರಡುವುದು ಒಂದು ಹೊರೆ ಸೊಪ್ಪು ಸದೆ ಮಾತ್ರ, ಅದನ್ನು ಕೊಳ್ಳುವವರಿಲ್ಲ. ಆದ್ದರಿಂದ ಕೂಲಿ ಕೆಲಸಕ್ಕೆ, ಸೌದೆಯ ಲೆಕ್ಕ ಬೇರೆ ಎಂದು ಮೊದಲೇ ಬಿಡಿಸಿ ಹೇಳಬೇಕು. ತೆಗೆಯಬೇಕಾದ ಕೊಂಬೆಗಳಿಗೆ ನೆಲದಲ್ಲಿ ನಿಂತೇ ಗುರುತು ಹೇಳಿ, ಫೋನಿನಲ್ಲಿ ಚಿತ್ರ ತೆಗೆದು, ಗೋಡೆಗೋ ಹೆಂಚಿಗೋ ಪೆಟ್ಟಾದರೆ ಯಾರ ಹೊಣೆ, ಸೊಪ್ಪನ್ನು ಸಾಗಿಸುವವರು ಯಾರು ಎಂಬುದನ್ನು ನಾಲ್ಕು ಸಾಲಿನಲ್ಲಾದರೂ ಬರೆದು ಇಟ್ಟುಕೊಳ್ಳುವುದು ಎರಡೂ ಕಡೆಯವರಿಗೆ ಕ್ಷೇಮ. ಅವರು ಎರಡು ಮೂರು ವರ್ಷದ ಹಿಂದೆ ಸವರಿದ ಮರವೊಂದನ್ನು ತೋರಿಸಿ ಎಂದು ಕೇಳಿ ಹೋಗಿ ನೋಡಿದರೆ ಉಳಿದ ಅನುಮಾನವೂ ತೀರುತ್ತದೆ, ಏಕೆಂದರೆ ಕೊಯ್ತದ ಸುತ್ತ ಹೊಸ ಪದರ ಉಂಗುರದಂತೆ ಎಲ್ಲ ಕಡೆಯಿಂದ ಸಮನಾಗಿ ಉರುಳಿ ಬರುತ್ತಿದ್ದರೆ ಅದು ಸರಿಯಾದ ಜಾಗದಲ್ಲಿ ಮಾಡಿದ ಕೊಯ್ತವೆಂದೇ ಅರ್ಥ.

ಈ ಕೆಲಸದಲ್ಲಿ ಸಾಯುವವರ ಬಗ್ಗೆ ಸಮಾಜ ಇನ್ನೂ ಸಾಕಷ್ಟು ಯೋಚಿಸಿಲ್ಲ. ಮರಗಸಿ ಮಾಡುವಾಗ ಬಿದ್ದು, ಇಲ್ಲವೇ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕರು ಮೃತಪಟ್ಟ ಸುದ್ದಿ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಂದ ಮರುಕಳಿಸುತ್ತಲೇ ಇರುತ್ತದೆ. ಮರಕ್ಕೂ ತಂತಿಗೂ ಅಂತರ ಕಡಿಮೆಯಿದ್ದರೆ ವಿದ್ಯುತ್ ಸರಬರಾಜು ಕಂಪನಿಗೆ, ಬೆಂಗಳೂರಿನಲ್ಲಾದರೆ ಬೆಸ್ಕಾಂನ 1912 ಸಂಖ್ಯೆಗೆ, ಮೊದಲೇ ತಿಳಿಸಿ ಲೈನು ಕಡಿತಗೊಳಿಸಿಕೊಂಡ ಮೇಲೆಯೇ ಯಾರನ್ನಾದರೂ ಹತ್ತಿಸಬೇಕು. ಹಸಿಕೊಂಬೆಯೂ ವಿದ್ಯುತ್ತನ್ನು ಹರಿಸುತ್ತದೆ ಎಂಬುದನ್ನು ಅನುಭವಿಗಳೂ ಮರೆಯುವುದುಂಟು. ತಲೆಗೆ ಹೆಲ್ಮೆಟ್, ಸೊಂಟಕ್ಕೂ ತೊಡೆಗೂ ಕಟ್ಟುವ ಪಟ್ಟಿ, ಮೇಲಿನ ಗಟ್ಟಿ ಕವಲಿಗೆ ಬಿಗಿದ ಪ್ರತ್ಯೇಕ ಹಗ್ಗ, ಇಳಿಸುವ ಕೊಂಬೆಗೆ ಇನ್ನೊಂದು ಹಗ್ಗ, ಕೆಳಗೆ ಆ ಹಗ್ಗ ಹಿಡಿದು ದಾರಿಹೋಕರನ್ನು ತಡೆಯುವ ಒಬ್ಬರು: ಇಷ್ಟೂ ಇಲ್ಲದೆ ಹತ್ತುತ್ತೇನೆಂದು ಬಂದವರನ್ನು ಮನೆಯವರು ಬೇಡವೆನ್ನಬೇಕು. ಮಳೆ ಬಂದು ತೊಗಟೆ ಜಾರುವ ದಿನವೂ, ಹೆಜ್ಜೇನು ಕಟ್ಟಿರುವ ಮರದಲ್ಲೂ ಕೆಲಸ ಮುಂದೂಡುವುದೇ ವಿವೇಕ. ಹೆಜ್ಜೇನು ಋತು ಕಳೆದಂತೆ ತಾನಾಗಿ ಬೇರೆಡೆಗೆ ಹೋಗುತ್ತದೆ. ವರ್ಷಕ್ಕೆ 20 ರೂಪಾಯಿ ಕಂತಿಗೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಕೊಡುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಈ ಕೆಲಸಗಾರರಲ್ಲಿ ಎಷ್ಟೋ ಮಂದಿಯನ್ನು ಮುಟ್ಟಿಲ್ಲ. ಮಾತುಕತೆಯ ಹೊತ್ತಿನಲ್ಲಿ ಅದನ್ನು ವಿಚಾರಿಸುವುದು, ಇಲ್ಲದಿದ್ದರೆ ಮಾಡಿಸಿಕೊಳ್ಳಲು ನೆರವಾಗುವುದು ಕೆಲಸ ಕೊಡುವವರ ಕರ್ತವ್ಯವೆಂದೇ ಭಾವಿಸಬೇಕು.

ತೆಂಗಿನ ವಿಷಯ ಪ್ರತ್ಯೇಕ. ಮಾವು ಹಲಸುಗಳ ಕಾಂಡದಲ್ಲಿ ತೊಗಟೆಯಡಿ ಕೇಂಬಿಯಂ ಎಂಬ ತೆಳು ವರ್ಧನಾ ಪದರವಿದ್ದು, ಕಾಂಡ ದಪ್ಪವಾಗುವುದೂ ಗಾಯ ಮುಚ್ಚಿಕೊಳ್ಳುವುದೂ ಅದರಿಂದಲೇ. ತೆಂಗು, ಅಡಿಕೆಗಳಲ್ಲಿ ಆ ಪದರವೇ ಇಲ್ಲದ ಕಾರಣ ಅವುಗಳ ಕಾಂಡಕ್ಕೆ ಬಿದ್ದ ಏಟು ಎಂದಿಗೂ ಮುಚ್ಚಿಕೊಳ್ಳುವುದಿಲ್ಲ. ಹತ್ತಲು ಅನುಕೂಲವೆಂದು ಕಾಂಡದಲ್ಲಿ ಕಚ್ಚು ಕಡಿಯುವುದು ಕೆಂಪು ಮೂತಿ ಹುಳುವಿಗೆ ಆಹ್ವಾನ ಕೊಟ್ಟಂತೆ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ‘ತೆಂಗಿನ ಮರಗಳ ಸ್ನೇಹಿತರು’ ಎಂಬ ಹೆಸರಿನಲ್ಲಿ ಯಂತ್ರದ ಸಹಾಯದಿಂದ ಹತ್ತುವ ತರಬೇತಿಯನ್ನು ಯುವಕ ಯುವತಿಯರಿಗೆ ಕೊಡುತ್ತ ಬಂದಿದ್ದು, ಹತ್ತುವವರಿಗಾಗಿಯೇ ‘ಕೇರ ಸುರಕ್ಷಾ’ ವಿಮೆಯನ್ನೂ ನಡೆಸುತ್ತಿದೆ. ಆ ತರಬೇತಿ ಪಡೆದವರು ಹತ್ತಿರದಲ್ಲಿದ್ದರೆ ಅವರನ್ನೇ ಕರೆಯುವುದು ಲೇಸು. ಒಣಗಿ ಜೋತುಬಿದ್ದ ಗರಿ, ಬಲಿತ ಕಾಯಿ ಇವನ್ನಷ್ಟೇ ಇಳಿಸಿದರೆ ಸಾಕು. ಹಸಿರು ಗರಿಯನ್ನು ಅಂದಕ್ಕಾಗಿ ಕಡಿದರೆ ಇಳುವರಿ ಕುಗ್ಗುತ್ತದೆ.

ಕಾನೂನಿನ ಮಾತು ಬಂದಾಗ ಸ್ವಂತ ಜಾಗದ ಮರ ಸ್ವಂತ ಆಸ್ತಿ, ಕೇಳುವವರು ಯಾರು ಎಂಬ ಉತ್ತರ ಬೇಗ ಬರುತ್ತದೆ. ಆದರೆ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976, ಖಾಸಗಿ ಅಂಗಳದ ಮರಕ್ಕೂ ಅನ್ವಯಿಸುತ್ತದೆ. ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವುದನ್ನು ಅದರ 8ನೆಯ ಪ್ರಕರಣ ನಿಷೇಧಿಸುತ್ತದೆ, ಮತ್ತು ಕಾಯಿದೆಯ ಅರ್ಥದಲ್ಲಿ ಕಡಿಯುವುದು ಎಂಬುದರಲ್ಲಿ ಸುಡುವುದೂ ಬೇರೆ ಯಾವುದೇ ರೀತಿಯಲ್ಲಿ ಹಾನಿ ಮಾಡುವುದೂ ಸೇರಿವೆ. ಬುಡಕ್ಕೆ ಆ್ಯಸಿಡ್ ಸುರಿದು ಮೆಲ್ಲನೆ ಕೊಲ್ಲುವವರು ಇದನ್ನು ಗಮನಿಸಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿಯಿದ್ದು, ಆ ಪಟ್ಟಿ ಕಾಲಕಾಲಕ್ಕೆ ತಿದ್ದುಪಡಿಯಾಗಿದೆ. ಮರ ಸತ್ತಿದ್ದರೆ, ರೋಗಕ್ಕೆ ತುತ್ತಾಗಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ಒಡ್ಡಿದ್ದರೆ ಅನುಮತಿ ನಿರಾಕರಿಸುವಂತಿಲ್ಲ ಎಂದೂ ಅದೇ ಪ್ರಕರಣ ಹೇಳುತ್ತದೆಯಾದ್ದರಿಂದ, ನಿಜವಾದ ಕಾರಣವಿರುವವರಿಗೆ ಅರ್ಜಿ ಹಾಕಲು ಅಂಜಿಕೆ ಬೇಕಿಲ್ಲ. ಬೆಂಗಳೂರಿನಲ್ಲಿ 2025ರಲ್ಲಿ ಬೃಹತ್ ಮಹಾನಗರ ಪಾಲಿಕೆಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿರುವುದರಿಂದ ಅರ್ಜಿ ಯಾವ ಪಾಲಿಕೆಗೆ ಸೇರುತ್ತದೆಂದು ಮೊದಲು ನೋಡಿಕೊಳ್ಳಬೇಕು. ಶ್ರೀಗಂಧ ಸ್ವಂತ ಜಮೀನಿನಲ್ಲಿ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಅನುಮತಿ ತರುವುದು ನಮಗೆ ಬಿಡಿ, ಎಲ್ಲ ನೋಡಿಕೊಳ್ಳುತ್ತೇವೆ ಎನ್ನುವ ಗುತ್ತಿಗೆದಾರನ ಮಾತನ್ನು ನಂಬದೆ, ಸಹಿಯಾದ ಪತ್ರವನ್ನು ಕೈಯಲ್ಲಿ ಹಿಡಿದು ಓದಿ, ಅದರಲ್ಲಿ ಬರೆದಿರುವುದು ಯಾವ ಮರ, ಎಷ್ಟು ಕೊಂಬೆ ಎಂದು ತಾಳೆ ನೋಡಿದ ಮೇಲೆಯೇ ಕೆಲಸ ಆರಂಭವಾಗಬೇಕು.

ಕಡಿಯಲೇಬೇಕಾಗಿ ಬಂದ ಮರದ ಬದಲಿಗೆ ಸಸಿ ನೆಡುವ ಹೊಣೆಯನ್ನೂ ಕಾಯಿದೆ ಹೊರಿಸಿದೆ. ಮೇಲೆ ಹೇಳಿದ ಎಲ್ಲ ಕಷ್ಟಗಳನ್ನು ಬಹುಮಟ್ಟಿಗೆ ತಪ್ಪಿಸುವ ಅವಕಾಶ ಇರುವುದು ಆ ಸಸಿಯಲ್ಲಿ. ಪಾಲಿಥಿನ್ ಚೀಲದಲ್ಲಿ ಬಹಳ ಕಾಲ ಉಳಿದ ಸಸಿಯ ಬೇರು ಚೀಲದ ಸುತ್ತ ಸುರುಳಿ ಸುತ್ತಿಕೊಂಡು, ಹಾಗೆಯೇ ನೆಟ್ಟರೆ ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಕಾಂಡವನ್ನೇ ಬಿಗಿದು ಉಸಿರುಗಟ್ಟಿಸುತ್ತದೆ. ನೆಡುವ ದಿನ ಆ ಸುರುಳಿಯನ್ನು ಚಾಕುವಿನಿಂದ ಮೂರು ನಾಲ್ಕು ಕಡೆ ಸೀಳಿ ಬಿಡಿಸಿದರೆ ತೊಂದರೆ ಅಲ್ಲಿಗೇ ಮುಗಿಯಿತು. ಕಾಂಡ ಬೇರಾಗಿ ಅಗಲವಾಗುವ ಭಾಗ ನೆಲದ ಮೇಲೆ ಕಾಣುವಂತೆ ನೆಡಬೇಕು, ಆಸರೆಯ ಕೋಲಿನ ಕಟ್ಟನ್ನು ವರ್ಷದೊಳಗೆ ಬಿಚ್ಚಬೇಕು, ಕಬ್ಬಿಣದ ಬೇಲಿ ತೊಗಟೆಗೆ ತಾಗುವ ಮೊದಲೇ ತೆಗೆಸಬೇಕು. ಎರಡನೆಯ ವರ್ಷದಿಂದ ಎಂಟು ಹತ್ತು ವರ್ಷದವರೆಗೆ, ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ, ನಡುಕಾಂಡಕ್ಕೆ ಪೈಪೋಟಿ ಕೊಡುವ ಎರಡನೆಯ ತುದಿಯನ್ನೂ ತಂತಿಯತ್ತ, ಗೋಡೆಯತ್ತ ಹೊರಟ ಎಳೆಕೊಂಬೆಯನ್ನೂ ಕೈಕತ್ತರಿಯಿಂದ ಕೊರಳಿನಂಚಿಗೆ ತೆಗೆಯುತ್ತ ಬಂದರೆ ಗಾಯ ಹೆಬ್ಬೆರಳಿನಷ್ಟು ಮಾತ್ರವಾಗಿ, ಒಂದೆರಡು ಮಳೆಗಾಲಗಳಲ್ಲಿ ಮುಚ್ಚಿಕೊಳ್ಳುತ್ತದೆ. ಈ ಕೆಲಸಕ್ಕೆ ಏಣಿ ಬೇಡ, ಹಗ್ಗ ಬೇಡ, ಹೊರಗಿನವರ ಕೂಲಿಯೂ ಬೇಡ. ಮನೆಯ ಯಾರಾದರೊಬ್ಬರು ಬೆಳಗಿನ ಹತ್ತು ನಿಮಿಷದಲ್ಲಿ ನೆಲದಲ್ಲಿ ನಿಂತೇ ಮಾಡಬಹುದು.